ಮೀಟರಿನ ಅರ್ಜಿಯಲ್ಲಿ ಅಡಗಿದ ಪೋಲು

2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಗೊಂಡ ಕಾವೇರಿ ಐದನೆಯ ಹಂತವು ದಿನಕ್ಕೆ 775 ದಶಲಕ್ಷ ಲೀಟರ್ ನೀರನ್ನು ಬೆಂಗಳೂರಿಗೆ ಒಯ್ಯುವ ಯೋಜನೆ. ಕೊಡಗು, ಮೂಡಿಗೆರೆಗಳ ಮಳೆಯೂ ಅದರಲ್ಲಿದೆ. ಆ ನೀರು ಸೇರುವ ಎಷ್ಟೋ ವಸತಿ ಸಮುಚ್ಚಯಗಳಲ್ಲಿ ಗೇಟಿನ ಬಳಿ ಇರುವುದು ಒಂದೇ ಮೀಟರು! ಅದನ್ನೂ ಕೊಳವೆಯ ವ್ಯಾಸ ನೋಡಿ ಕೇಳುವುದು ಅವಿವೇಕ. ನೂರು ಮನೆ, ಮನೆಗೆ ಐವರು, ತಲೆಗೆ 135 ಲೀಟರ್ ಎಂದರೆ ದಿನಕ್ಕೆ 67,500 ಲೀಟರ್. ಎಂಟು ಗಂಟೆ ಪೂರೈಕೆಯಾದರೆ ಗಂಟೆಗೆ ಸುಮಾರು 8,400. ಅರ್ಜಿಯಲ್ಲಿರಬೇಕಾದದ್ದು ಈ ಲೆಕ್ಕ. ಅಗತ್ಯಕ್ಕಿಂತ ದೊಡ್ಡ ಮೀಟರು ಸಣ್ಣ ಹರಿವನ್ನು ಸರಿಯಾಗಿ ದಾಖಲಿಸದು, ಸೋರಿಕೆ ಕಣ್ತಪ್ಪಿಸುತ್ತದೆ. ಒಳಗೆ ಚದರಡಿಯಂತೆ ಬಿಲ್ಲು ಹಂಚಿದರೆ ಮಿತವ್ಯಯಿಗೂ ಪೋಲು ಮಾಡುವವನಿಗೂ ಒಂದೇ ಶುಲ್ಕ. ಇದಾವ ನ್ಯಾಯ? ಮನೆಮನೆಯ ಮೀಟರಿಗೆ ನಕ್ಷೆಯ ಹಂತದಲ್ಲೇ ಸ್ಥಳ ಮೀಸಲಿಡಬೇಕು. ಪ್ರತಿ ಸ್ನಾನಗೃಹಕ್ಕೂ ಪ್ರತ್ಯೇಕ ಕೊಳವೆ ಇಳಿಸಿ ಮುಗಿಸಿದ ಕಟ್ಟಡದಲ್ಲಿ ಒಂದು ಮನೆಗೇ ಮೂರು ನಾಲ್ಕು ಮೀಟರು ಬೇಕಾಗುತ್ತವೆ, ಇಲ್ಲವೇ ಗೋಡೆ ಒಡೆಯಬೇಕಾಗುತ್ತದೆ.