ಅಜ್ಜಿ ಹುಟ್ಟಿದ ದಿನ



ಅಷ್ಟವಿನಾಯಕ ಕ್ಷೇತ್ರಗಳಲ್ಲಿ ಒಂದಾದ ರಾಂಜಣಗಾಂವವು ಪುಣೆಯಿಂದ ಸುಮಾರು 50 ಕಿಲೋಮೀಟರು ದೂರದಲ್ಲಿದೆ. ಮಹಾಗಣಪತಿಯ ದರ್ಶನಕ್ಕೆ ಬರುವವರಂತೆಯೇ ಅಲ್ಲಿಯ ಕಾರಖಾನೆಗಳಲ್ಲಿ ದುಡಿಯಲು ಬಂದವರೂ ಬಹಳ. ಅವರಲ್ಲಿ ಕನ್ನಡಿಗರೂ ಉಂಟು. ವಿಜಯಪುರದ ಕಡೆಯಿಂದ ಬಂದು ನೆಲೆಸಿದ ಅಂಥದೊಂದು ಕುಟುಂಬವು ಬೇಸಗೆಯ ರಜೆಯಲ್ಲಿ ಲಂಡನ್ನಿಗೆ ಹೋಗಿಬಂದಿತು. ಹಿರಿಯ ಮಗನ ಮನೆಯಲ್ಲಿರುವ ಅಜ್ಜಿಗೆ ಜೂನ್ 1ರಂದು 80 ತುಂಬುವುದೆಂದು ಮಕ್ಕಳು ಮೊಮ್ಮಕ್ಕಳೆಲ್ಲರೂ ಅಲ್ಲಿ ಕೂಡಿದ್ದರು.

ಮರಳಿ ಬಂದ ಬಾಲಕನು ಥೇಮ್ಸ್ ನದಿಯ ದಂಡೆಯಲ್ಲಿ 2015ರ ನವೆಂಬರಿನಲ್ಲಿ ಅನಾವರಣಗೊಂಡ ಬಸವೇಶ್ವರರ ಪ್ರತಿಮೆಯನ್ನು ಕಂಡುದನ್ನು ಸೊಗಸಾಗಿ ವರ್ಣಿಸಿದನು. "ಅಜ್ಜಿ ಏನು ಹೇಳಿದರು?" ಎಂದು ಕೇಳಿದೆ. ಅವನು ತುಸು ತಡೆದು, "ಕೇಕು ಕೊಯ್ಯುವಾಗ ಅಜ್ಜಿ ನಕ್ಕು, 'ಇದು ಮಾಸ್ತರು ಬರೆದ ತಾರೀಖು, ನಾ ಹುಟ್ಟಿದ್ದು ಕಾರಹುಣ್ಣಿವಿ ದಿನ' ಅಂದರು. ಕಾರಹುಣ್ಣಿವಿ ಅಂದರೇನು ಸರ್?" ಎಂದನು.

ಮಹಾರಾಷ್ಟ್ರದ ಪೋಳಾ ಹಬ್ಬವನ್ನು ಬಲ್ಲ ಬಾಲಕನಿಗೆ, ಜ್ಯೇಷ್ಠ ಹುಣ್ಣಿಮೆಯಂದು ಎತ್ತುಗಳ ಕೊಂಬಿಗೆ ಬಣ್ಣ ಹಚ್ಚಿ ಕರಿ ಹರಿಯುವ ತನ್ನ ಹಿರಿಯರ ಹಬ್ಬವು ತಿಳಿಯದು. ಇದು ಅವನ ತಪ್ಪಲ್ಲ. ಆದರೆ ಆ ಪ್ರಶ್ನೆಯನ್ನು ಅಜ್ಜಿಯನ್ನೇ ಕೇಳಬಹುದಿತ್ತು. ಏಳು ಸಾವಿರ ಕಿಲೋಮೀಟರು ಹೋದವನು ಆ ಒಂದು ಮಾತನ್ನು ಕೇಳದೆ ಬಂದನು.

ಅಜ್ಜಿಯ ಮಾತಿನಲ್ಲಿ ನಿಜವಿದೆ. ನಮ್ಮ ದೇಶಕ್ಕೆಲ್ಲ ಅನ್ವಯಿಸುವ ಜನನ ಮರಣ ನೋಂದಣಿ ಕಾಯಿದೆಯಾದುದು 1969ರಲ್ಲಿ. ಅದಕ್ಕೂ ಹಿಂದೆ ಹಳ್ಳಿಗಳಲ್ಲಿ ಹುಟ್ಟಿದ ಎಷ್ಟೋ ಮಕ್ಕಳಿಗೆ, ಶಾಲೆಗೆ ಸೇರಿಸುವ ದಿನ ಮಾಸ್ತರರು ಜೂನ್ 1ನ್ನೇ ಜನ್ಮದಿನವೆಂದು ಬರೆದುಕೊಂಡರು. ಕಾಗದಪತ್ರಗಳಿಗೆ ಆ ತಾರೀಖು ಸಾಕು. ಆದರೆ ತಿಥಿ, ಹಬ್ಬ, ಆ ವರ್ಷದ ಮಳೆಬೆಳೆ, ಇವೆಲ್ಲ ಉಳಿದಿರುವುದು ಹಿರಿಯರ ನೆನಪಿನಲ್ಲಿ ಮಾತ್ರ. ಕೇಳುವವರಿಲ್ಲದೆ ಹೋದರೆ ಅವು ಅವರೊಡನೆಯೇ ಹೋಗುವುವು.

ಇಂಥ ಪ್ರಯಾಣಗಳು ವೃಥಾ ಖರ್ಚೆಂದು ಕೆಲವರು ಹೇಳುವರು. ಆ ಮಾತು ನನಗೆ ಒಪ್ಪಿಗೆಯಿಲ್ಲ. ಪರದೇಶದಲ್ಲಿ ದಿನವಿಡೀ ಮಾತಿಗೆ ಕಾದಿರುವ ಮುದುಕಿಗೆ ಮೊಮ್ಮಕ್ಕಳ ಮುಖಕ್ಕಿಂತ ಹಿರಿದಾದ ಉಡುಗೊರೆ ಯಾವುದು? ಆದರೆ ಹೋದವರು ಬರಿಯ ಭಾವಚಿತ್ರಗಳೊಡನೆ ಮರಳಿದರೆ ಆ ಪ್ರಯಾಣವು ಅರ್ಧವೇ ಆದಂತೆ. ಅಜ್ಜಿಯ ಕತೆ ಇರುವುದು ಕನ್ನಡದಲ್ಲಿ. ಕನ್ನಡದಲ್ಲಿ ಕೇಳಬಲ್ಲ ಮೊಮ್ಮಗುವಿಗೇ ಅದು ಪೂರ್ತಿಯಾಗಿ ದೊರೆಯುವುದು. ಈ ನಗರದಲ್ಲಿ ಕನ್ನಡ ಕಲಿಯುವುದರಿಂದ ಏನು ಪ್ರಯೋಜನವೆಂದು ನಿಮ್ಮನ್ನು ಯಾರಾದರೂ ಕೇಳಿದರೆ ಇದನ್ನೇ ಉತ್ತರವಾಗಿ ಹೇಳಿರಿ.

ನಮ್ಮ ಹಿರಿಯರು ಆಯುಷ್ಯವನ್ನು ಹುಣ್ಣಿಮೆಗಳಿಂದಲೂ ಎಣಿಸಿದರು. ಸಾವಿರ ಹುಣ್ಣಿಮೆಗಳನ್ನು ಕಂಡವರಿಗೆ ಸಹಸ್ರಚಂದ್ರದರ್ಶನವೆಂಬ ಶಾಂತಿಯನ್ನು ಮಾಡುವರು. ಹುಣ್ಣಿಮೆಯಿಂದ ಹುಣ್ಣಿಮೆಗೆ ಸುಮಾರು 29.53 ದಿನಗಳು, ಸಾವಿರಕ್ಕೆ 29,530 ದಿನಗಳು, ಎಂದರೆ ಸುಮಾರು 80 ವರ್ಷ 10 ತಿಂಗಳು. ಅಜ್ಜಿಗೆ ಇನ್ನೂ ಹತ್ತು ಹುಣ್ಣಿಮೆಗಳಷ್ಟು ಉಳಿದಿವೆಯೆಂದು ಲೆಕ್ಕಮಾಡಿ ಬಾಲಕನಿಗೆ ತೋರಿಸಿದೆ. "ಪ್ರತಿ ಹುಣ್ಣಿಮೆಗೂ ಫೋನು ಮಾಡಿ ಒಂದೊಂದು ಪ್ರಶ್ನೆ ಕೇಳು; ಉತ್ತರವನ್ನು ಅಜ್ಜಿಯ ಮಾತಿನಲ್ಲಿಯೇ ಬರೆದಿಡು" ಎಂದೆ. ರಾಂಜಣಗಾಂವದಲ್ಲಿ ಮೂಡಿದ ಚಂದ್ರನೇ ಕೆಲವು ತಾಸುಗಳ ತರುವಾಯ ಲಂಡನ್ನಿನಲ್ಲಿಯೂ ಮೂಡುವನಲ್ಲವೆ?

ನಿಮ್ಮ ಅಜ್ಜಿ ಪರದೇಶದಲ್ಲಿರಲಿ, ಊರಿನಲ್ಲಿರಲಿ, ನಿಮ್ಮ ಮನೆಯ ಪಡಸಾಲೆಯಲ್ಲಿಯೇ ಇರಲಿ, ಮುಂದಿನ ಹುಣ್ಣಿಮೆಯವರೆಗೂ ಕಾಯದೆ ಇಂದೇ ಕೇಳಿರಿ: "ಅಜ್ಜಿ, ನೀನು ಹುಟ್ಟಿದ್ದು ಯಾವಾಗ?"