ಪಡಸಾಲೆಗೆ ಪೋರ್ಟಬಲ್ ಎಸಿ: ಕಂತು ಕಟ್ಟುವ ಮುನ್ನ ಈ ಲೆಕ್ಕ ನೋಡಿ

ಫೆಬ್ರವರಿ ಮುಗಿಯುತ್ತಿದ್ದಂತೆ ನಮ್ಮೆಲ್ಲರ ಮೊಬೈಲಿನಲ್ಲಿ ಒಂದೇ ಥರದ ಜಾಹೀರಾತು ಶುರುವಾಗುತ್ತದೆ. ಗೋಡೆ ಒಡೆಯಬೇಕಿಲ್ಲ, ಮೆಕ್ಯಾನಿಕ್ ಬೇಕಿಲ್ಲ, ಗಾಲಿ ಮೇಲೆ ತಳ್ಳಿಕೊಂಡು ಹೋಗಿ ಪ್ಲಗ್ ಹಾಕಿದರೆ ಸಾಕು, ದೊಡ್ಡ ಹಾಲ್ ಕೂಡ ಕ್ಷಣದಲ್ಲಿ ತಣ್ಣಗೆ. ಕೆಳಗೆ ತಿಂಗಳ ಕಂತಿನ ಲೆಕ್ಕ. ರಾಯಚೂರು, ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯ ಏಪ್ರಿಲ್, ಮೇ ತಿಂಗಳು ಕಂಡವರಿಗೆ ಆ ಜಾಹೀರಾತಿನ ಮೇಲೆ ಬೆರಳು ಒತ್ತದೆ ಇರುವುದು ಕಷ್ಟ.

ಹಳ್ಳಿಯವರಿಗೆ ಎಸಿ ಯಾಕೆ ಎಂದು ಮೂಗು ಮುರಿಯುವವರ ಸಾಲಿನಲ್ಲಿ ನಾವಿಲ್ಲ. ಬಿಸಿಲು 40 ಡಿಗ್ರಿ ದಾಟಿದ ಮೇಲೆ ಫ್ಯಾನ್ ತಂಪು ಕೊಡುವುದಿಲ್ಲ, ಬಿಸಿಗಾಳಿಯನ್ನೇ ತಂದು ಮೈಗೆ ಬಡಿಯುತ್ತದೆ. ಮನೆಯಲ್ಲಿ ಬಿಪಿ, ಶುಗರ್ ಇರುವ ಹಿರಿಯರು, ಬಾಣಂತಿ, ಕೂಸು ಇದ್ದರೆ ತಂಪು ಎನ್ನುವುದು ಶೋಕಿ ಅಲ್ಲ, ಜೀವದ ಪ್ರಶ್ನೆ. ನಮ್ಮ ತಕರಾರು ಎಸಿ ಮೇಲಲ್ಲ. ಚಿಕ್ಕ ಕೋಣೆಗೆಂದು ಮಾಡಿದ ಮಷೀನನ್ನು ದೊಡ್ಡ ಪಡಸಾಲೆಗೆ ಎಂದು ಮಾರುತ್ತಿರುವುದರ ಮೇಲೆ. ಅದನ್ನು ನಂಬಿ ಒಂದು ಮನೆ ಸಾಲ ಮಾಡುವುದರ ಮೇಲೆ.

ಮೊದಲು, ಎಸಿಯೇ ಅಲ್ಲದ ಎಸಿಗಳ ವಿಷಯ ಮುಗಿಸಿಬಿಡೋಣ. ಒಂದೆರಡು ಸಾವಿರಕ್ಕೆ ಬರುವ, ಮೊಬೈಲ್ ಚಾರ್ಜರಿನಿಂದ ನಡೆಯುವ ಪುಟ್ಟ ಡಬ್ಬಿಗಳನ್ನೂ ಪೋರ್ಟಬಲ್ ಎಸಿ ಎಂದೇ ಮಾರುತ್ತಾರೆ. ಅವು ಒದ್ದೆ ಪಟ್ಟಿಯ ಮೂಲಕ ಗಾಳಿ ಊದುವ ಆಟಿಕೆ ಕೂಲರ್‌ಗಳು. ಗುರುತು ಹಿಡಿಯುವುದು ಸುಲಭ. ನಿಜವಾದ ಎಸಿ ಕೋಣೆಯ ಶಾಖವನ್ನು ಹೊತ್ತು ಹೊರಗೆ ಹಾಕಬೇಕು. ಅದಕ್ಕೆ ಒಳಗೆ ಕಂಪ್ರೆಸರ್ ಬೇಕು, ಹಿಂದೆ ಕಿಟಕಿಗೆ ಹೋಗುವ ದಪ್ಪನೆಯ ಪೈಪ್ ಬೇಕು. ಪೈಪ್ ಇಲ್ಲ ಎಂದರೆ ಅದು ಎಸಿ ಅಲ್ಲ. ಅಷ್ಟೇ.

ಇನ್ನು ನಿಜವಾದ ಪೋರ್ಟಬಲ್ ಎಸಿಗೆ ಬರೋಣ. ಗೋಡೆಗೆ ಹಾಕುವ ಸ್ಪ್ಲಿಟ್ ಎಸಿಯಲ್ಲಿ ಬಿಸಿಯಾಗುವ ಭಾಗ ಮನೆಯ ಹೊರಗಿರುತ್ತದೆ. ಪೋರ್ಟಬಲ್‌ನಲ್ಲಿ ಎಲ್ಲವೂ ಕೋಣೆಯೊಳಗೇ. ಕಂಪ್ರೆಸರ್ ಒಳಗೆ, ಅದರ ಸದ್ದು ಒಳಗೆ, ಬಿಸಿಗಾಳಿ ಹೊತ್ತ ಪೈಪ್ ಕೂಡ ಒಳಗೇ ಕಾದು ನಿಂತಿರುತ್ತದೆ. ಇದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ನಮ್ಮಲ್ಲಿ ಸಿಗುವ ಹೆಚ್ಚಿನವು ಒಂದೇ ಪೈಪಿನವು. ಅವು ಕೋಣೆಯ ಗಾಳಿಯನ್ನೇ ಎಳೆದುಕೊಂಡು, ಅದಕ್ಕೆ ಶಾಖ ತುಂಬಿ ಹೊರಗೆ ತಳ್ಳುತ್ತವೆ. ಹೊರಹೋದ ಗಾಳಿಯ ಜಾಗ ಖಾಲಿ ಉಳಿಯುವುದಿಲ್ಲ. ಬಾಗಿಲ ಸಂದು, ಕಿಟಕಿ ಸಂದು, ಹಂಚಿನ ಸಂದು, ಎಲ್ಲಿ ದಾರಿ ಸಿಕ್ಕರೆ ಅಲ್ಲಿಂದ ಹೊರಗಿನ ಬಿಸಿಗಾಳಿ ಒಳಗೆ ನುಗ್ಗುತ್ತದೆ. ತೂತು ಕೊಡದಲ್ಲಿ ನೀರು ತುಂಬಿದ ಹಾಗೆ.

ಇದು ಎಷ್ಟರ ಮಟ್ಟಿಗೆ ಎಂದು ಒಂದು ಪಡಸಾಲೆ ಇಟ್ಟುಕೊಂಡು ನೋಡೋಣ. 20 ಅಡಿ ಉದ್ದ, 20 ಅಡಿ ಅಗಲ, 10 ಅಡಿ ಎತ್ತರ. ಮೇಲೆ ಆರ್‌ಸಿಸಿ ಸ್ಲ್ಯಾಬ್, ಅದರ ಮೇಲೆ ನೇರ ಬಿಸಿಲು. ಒಳಗೆ ಎಂಟು ಜನ. ನಮ್ಮ ಕಡೆ ಕೂಡು ಕುಟುಂಬದಲ್ಲಿ ಇದೇನೂ ದೊಡ್ಡ ಸಂಖ್ಯೆ ಅಲ್ಲ.

ಒಂದು ಟನ್ ಎಸಿ ಎಂದರೆ ಸುಮಾರು 3,500 ವ್ಯಾಟ್‌ನಷ್ಟು ಶಾಖ ಎತ್ತುವ ಶಕ್ತಿ. ಟನ್ ಎನ್ನುವುದು ಮಷೀನಿನ ತೂಕ ಅಲ್ಲ. ಒಂದು ಟನ್ ಮಂಜುಗಡ್ಡೆ 24 ಗಂಟೆಯಲ್ಲಿ ಕರಗಿ ಎಷ್ಟು ತಂಪು ಕೊಡುತ್ತದೋ ಅಷ್ಟು ಎಂಬ ಹಳೆಯ ಅಳತೆ. ಈಗ ಇದರಲ್ಲಿ ಕಳೆಯುತ್ತಾ ಬನ್ನಿ. ಇಂಥ ಮಷೀನು ಗಂಟೆಗೆ 300 ಘನ ಮೀಟರ್ ಗಾಳಿ ಹೊರಗೆ ತಳ್ಳುತ್ತದೆ ಎಂದುಕೊಳ್ಳಿ. ನಮ್ಮ ಪಡಸಾಲೆಯ ಒಟ್ಟು ಗಾಳಿಯೇ ಸುಮಾರು 113 ಘನ ಮೀಟರ್. ಅಂದರೆ ಗಂಟೆಗೆ ಎರಡೂವರೆ ಸಲಕ್ಕಿಂತ ಹೆಚ್ಚು ಇಡೀ ಪಡಸಾಲೆಯ ಗಾಳಿ ಬದಲಾಗಿ ಹೊರಗಿನದು ಬಂದಂತೆ. ಹೊರಗೆ 41 ಡಿಗ್ರಿ ಇದ್ದು ಒಳಗೆ 28 ಬೇಕೆಂದರೆ, ಹೀಗೆ ನುಗ್ಗಿದ ಗಾಳಿಯನ್ನು ತಣಿಸುವುದಕ್ಕೇ 1,200 ವ್ಯಾಟ್ ಹೋಯಿತು. ಕೊಟ್ಟ ಹಣದ ಮೂರನೇ ಒಂದು ಭಾಗ ಅಲ್ಲೇ ಮುಗಿಯಿತು. ಸುಮ್ಮನೆ ಕೂತ ಒಬ್ಬ ಮನುಷ್ಯನ ಮೈ ಸುಮಾರು 100 ವ್ಯಾಟ್ ಶಾಖ ಬಿಡುತ್ತದೆ. ಎಂಟು ಜನಕ್ಕೆ 800. ಉಳಿದದ್ದು 1,500 ವ್ಯಾಟ್. ಕಾದ ಸ್ಲ್ಯಾಬಿನಿಂದ ಮಧ್ಯಾಹ್ನ ಮತ್ತು ಸಂಜೆ ಕೆಳಗಿಳಿಯುವ ಶಾಖವೊಂದೇ ಇದಕ್ಕಿಂತ ಹೆಚ್ಚಿರುತ್ತದೆ.

ಹೀಗಾಗಿ ಮಷೀನು ದಿನವಿಡೀ ಓಡುತ್ತದೆ, ಎದುರು ಕೂತವರಿಗೆ ತಂಪು ತಟ್ಟುತ್ತದೆ, ಮೂಲೆಯಲ್ಲಿ ಮಲಗಿದ ಅಜ್ಜಿಗೆ ಏನೂ ಗೊತ್ತಾಗುವುದಿಲ್ಲ. ಅಮೆರಿಕದಲ್ಲಿ ಸರ್ಕಾರವೇ ಈ ಪೈಪಿನ ನಷ್ಟವನ್ನು ಲೆಕ್ಕ ಹಿಡಿದು ಬೇರೆ ಅಳತೆ ತಂದಿದೆ. ಆ ಅಳತೆಯಲ್ಲಿ 14,000 ಬಿಟಿಯು ಎಂದು ಮಾರುತ್ತಿದ್ದ ಮಷೀನುಗಳು 10,000ಕ್ಕೆ, ಕೆಲವು ಇನ್ನೂ ಕೆಳಗೆ ಇಳಿಯುತ್ತವೆ. 12,000 ಬಿಟಿಯು ಅಂದರೆ ಒಂದು ಟನ್. ಪೆಟ್ಟಿಗೆ ಮೇಲೆ ಬರೆದ ಟನ್ ಎಲ್ಲ ನಿಮ್ಮ ಪಡಸಾಲೆಗೆ ಸಿಗುವುದಿಲ್ಲ ಎಂದಷ್ಟೇ ಇದರ ಅರ್ಥ.

ಕರೆಂಟ್ ಬಿಲ್ಲಿನ ಮಾತಿಗೆ ಬರೋಣ. ಅಂಗಡಿಯವರು ಹೇಳದೇ ಬಿಡುವುದು ಇದನ್ನೇ. ಒಂದು ಟನ್ ಪೋರ್ಟಬಲ್ ಎಸಿ ಗಂಟೆಗೆ ಸುಮಾರು 1.2 ಯೂನಿಟ್ ಎಳೆಯುತ್ತದೆ. ಕೋಣೆ ಚಿಕ್ಕದಿದ್ದು ಬೇಗ ತಣಿದರೆ ಕಂಪ್ರೆಸರ್ ನಡುನಡುವೆ ನಿಲ್ಲುತ್ತದೆ. ದೊಡ್ಡ ಕೋಣೆಯಲ್ಲಿ ನಿಲ್ಲುವ ಮಾತೇ ಇಲ್ಲ. ದಿನಕ್ಕೆ ಎಂಟು ಗಂಟೆ ಹಚ್ಚಿದರೆ ತಿಂಗಳಿಗೆ ಹತ್ತಿರ ಹತ್ತಿರ 290 ಯೂನಿಟ್.

ಗೃಹಜ್ಯೋತಿಯನ್ನು ಇದರ ಪಕ್ಕ ಇಡಿ. 2023ರಲ್ಲಿ ಬಂದ ಈ ಯೋಜನೆಯಲ್ಲಿ ಪ್ರತಿ ಮನೆಗೂ ಅದರ ಹಿಂದಿನ ಸರಾಸರಿ ಬಳಕೆಯ ಮೇಲೆ ಒಂದಿಷ್ಟು ಸೇರಿಸಿ ಉಚಿತ ಮಿತಿ ಹಾಕಿದ್ದಾರೆ. ಆ ಮಿತಿ ದಾಟಿದರೆ ಹೆಚ್ಚಿಗೆ ಬಳಸಿದ್ದಕ್ಕೆ ದುಡ್ಡು. 200 ಯೂನಿಟ್ ದಾಟಿದರೆ ಆ ತಿಂಗಳ ಪೂರ್ತಿ ಬಿಲ್ ನಾವೇ ಕಟ್ಟಬೇಕು. ತಿಂಗಳಿಗೆ 60 ಯೂನಿಟ್ ಬಳಸಿ ಸೊನ್ನೆ ಬಿಲ್ ಪಡೆಯುತ್ತಿದ್ದ ಮನೆ ಈ ಎಸಿ ಬಂದ ಮೇಲೆ 350 ಯೂನಿಟ್ಟಿಗೆ ಹೋಗುತ್ತದೆ. ಯೂನಿಟ್‌ಗೆ ಆರು ರೂಪಾಯಿ ಎಂದು ಹಿಡಿದರೂ 2,100 ರೂಪಾಯಿ, ನಿಗದಿತ ಶುಲ್ಕ ಬೇರೆ. ಮನೆಯೊಡತಿಗೆ ಬರುವ ಗೃಹಲಕ್ಷ್ಮಿಯ 2,000 ರೂಪಾಯಿ ಅಲ್ಲಿಗೆ ಸರಿಹೋಯಿತು. ಎಸಿಯ ಕಂತು ಇನ್ನೂ ಹಾಗೇ ನಿಂತಿರುತ್ತದೆ.

ವೈರಿಂಗ್ ಕೂಡ ನೋಡಬೇಕು. ನಮ್ಮ ಹಳ್ಳಿಯ ಅನೇಕ ಮನೆಗಳ ಮಂಜೂರಾದ ಲೋಡ್ ಒಂದು ಕಿಲೋವ್ಯಾಟ್ ಅಥವಾ ಅದಕ್ಕಿಂತ ಕಡಿಮೆ. ಎಸಿ ಒಂದೇ ಅದನ್ನು ಮೀರುತ್ತದೆ. ಜೆಸ್ಕಾಂ, ಹೆಸ್ಕಾಂಗೆ ಅರ್ಜಿ ಕೊಟ್ಟು ಲೋಡ್ ಹೆಚ್ಚಿಸಿಕೊಳ್ಳಬೇಕು. 16 ಆಂಪಿಯರ್ ಸಾಕೆಟ್, ಅದಕ್ಕೆ ಬೋರ್ಡಿನಿಂದ ಬೇರೆ ದಪ್ಪ ವೈರ್, ಸರಿಯಾದ ಅರ್ಥಿಂಗ್ ಬೇಕು. ಟಿವಿ, ಮೊಬೈಲ್ ಚಾರ್ಜರ್ ಹಾಕುವ ಎಕ್ಸ್‌ಟೆನ್ಷನ್ ಬಾಕ್ಸಿಗೆ ಎಸಿ ಸಿಕ್ಕಿಸಿದರೆ ವೈರ್ ಕಾದು ಬೆಂಕಿ ಹತ್ತಬಹುದು. ಸಂಜೆ ಹೊತ್ತು ವೋಲ್ಟೇಜ್ ಇಳಿಯುವ ಊರಾದರೆ ಸ್ಟೆಬಿಲೈಜರ್ ಖರ್ಚೂ ಸೇರಿಸಿ. ಕರೆಂಟ್ ಹೋದಾಗ ಮನೆಯ ಸಾಮಾನ್ಯ ಯುಪಿಎಸ್ ಮೇಲೆ ಇದು ನಡೆಯುವುದಿಲ್ಲ.

ಹಾಗಾದರೆ ಇದು ಯಾರಿಗೂ ಬೇಡವೇ? ಹಾಗಲ್ಲ. ಪೇಟೆಯಲ್ಲಿ ಬಾಡಿಗೆ ಮನೆ, ಮಾಲೀಕರು ಗೋಡೆ ಕೊರೆಯಲು ಬಿಡುವುದಿಲ್ಲ, ಕೋಣೆ 10 ಅಡಿಗೆ 10 ಅಡಿ, ಇಬ್ಬರೇ ಇರುವುದು. ಅಲ್ಲಿ ಇದು ಕೆಲಸ ಮಾಡುತ್ತದೆ. ಮನೆಯಲ್ಲಿ ಆಪರೇಷನ್ ಆದವರು ಇದ್ದು ಅವರ ಒಂದು ಕೋಣೆಗೆ ಮಾತ್ರ ಬೇಕೆಂದರೂ ಸರಿ. ಹಾಗೆ ಕೊಳ್ಳುವವರು ಅಂಗಡಿಯಲ್ಲಿ ನಾಲ್ಕು ಪ್ರಶ್ನೆ ಕೇಳಿ. ಪೈಪ್ ಒಂದೋ ಎರಡೋ? ಎರಡು ಪೈಪಿನದು ಹೊರಗಿನ ಗಾಳಿಯನ್ನೇ ಎಳೆದು ಹೊರಗೇ ಬಿಡುವುದರಿಂದ ನಷ್ಟ ಕಡಿಮೆ. ಎಷ್ಟು ವ್ಯಾಟ್ ಎಳೆಯುತ್ತದೆ? ಸರ್ವಿಸ್ ಸೆಂಟರ್ ತಾಲ್ಲೂಕಿನಲ್ಲಿದೆಯೋ, ಬೆಂಗಳೂರಿನಲ್ಲೋ? ಕಿಟಕಿಗೆ ಕೊಡುವ ಪಟ್ಟಿ ನಮ್ಮ ಕಿಟಕಿಗೆ ಹೊಂದುತ್ತದೆಯೇ? ಆ ಪಟ್ಟಿ ಸರಿಸುವ ಗಾಜಿನ ಕಿಟಕಿಗೆಂದು ಮಾಡಿದ್ದು. ನಮ್ಮವು ಕಬ್ಬಿಣದ ಸರಳು, ಮರದ ಕದದವು. ಪ್ಲೈವುಡ್ ಹಲಗೆಗೆ ತೂತು ಕೊರೆಸಿ, ಪೈಪ್ ಕೂರಿಸಿ, ಸುತ್ತ ಸಂದು ಮುಚ್ಚಬೇಕು. ಪೈಪನ್ನು ಉದ್ದ ಮಾಡಬೇಡಿ, ಪಕ್ಕದ ಕೋಣೆಗೂ ಬಿಡಬೇಡಿ. ಅದು ನೇರ ಬಯಲಿಗೆ ಹೋಗಬೇಕು.

ಸ್ವಂತ ಮನೆಯಿದ್ದು ಎಸಿ ಬೇಕೇ ಬೇಕು ಎನ್ನುವವರಿಗೆ, ಹೆಚ್ಚೂಕಡಿಮೆ ಅದೇ ಬೆಲೆಯ ಆಸುಪಾಸಿನಲ್ಲಿ ಸ್ಪ್ಲಿಟ್ ಇನ್ವರ್ಟರ್ ಎಸಿ ಸಿಗುತ್ತದೆ. 2025ರ ಸೆಪ್ಟೆಂಬರ್ 22ರಿಂದ ಎಸಿ ಮೇಲಿನ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿದಿದೆ, ಬಿಲ್ಲಿನಲ್ಲಿ ನೋಡಿಕೊಳ್ಳಿ. ಅದನ್ನೂ ಪಡಸಾಲೆಗೆ ಹಾಕಬೇಡಿ. ಮನೆಯಲ್ಲಿ ಬಿಸಿಲು ಕಡಿಮೆ ಬೀಳುವ ಒಂದು ಚಿಕ್ಕ ಕೋಣೆ ಆರಿಸಿ, ಮಧ್ಯಾಹ್ನ ಹಿರಿಯರು, ಮಕ್ಕಳು ಅಲ್ಲಿರಲಿ. ಇಡೀ ಮನೆ ತಣಿಸಲು ಹೋಗಿ ಯಾರಿಗೂ ತಂಪು ಸಿಗದೇ ಇರುವುದಕ್ಕಿಂತ, ಬೇಕಾದವರಿಗೆ ಒಂದು ಕೋಣೆ ತಂಪಾಗಿರುವುದು ಮೇಲು.

ಪಡಸಾಲೆಗೆ ಏನು ಮಾಡಬೇಕು? ಶಾಖ ಒಳಗೆ ಬಂದ ಮೇಲೆ ಹೊರಹಾಕುವುದಕ್ಕಿಂತ ಬರದಂತೆ ತಡೆಯುವುದು ಅಗ್ಗ. ಮಣ್ಣಿನ ಮೇಲ್ಮುದ್ದೆಯ ಮಾಳಿಗೆ ಮನೆಗಳನ್ನು ನಮ್ಮ ಹಿರಿಯರು ಕಟ್ಟಿದ್ದು ಇದೇ ಲೆಕ್ಕದಲ್ಲಿ. ಸ್ಲ್ಯಾಬ್ ಮತ್ತು ತಗಡಿಗೆ ಬದಲಾದ ನಾವು ಆ ದಪ್ಪ ಹೊದಿಕೆ ಕಳೆದುಕೊಂಡೆವು. ಯುಗಾದಿಗೆ ಮೊದಲೇ ಮಾಳಿಗೆಗೆ ಸುಣ್ಣ ಅಥವಾ ಬಿಳಿ ಕೂಲ್ ರೂಫ್ ಬಣ್ಣ ಎರಡು ಕೋಟ್ ಬಳಿದರೆ ಒಳಗಿನ ಕಾವು ಎರಡು ಮೂರು ಡಿಗ್ರಿ ಇಳಿಯುತ್ತದೆ. ಮೇಲೆ ಹಸಿರು ನೆರಳು ಪರದೆ ಕಟ್ಟಿದರೆ ಇನ್ನಷ್ಟು. ಬೆಳಿಗ್ಗೆ ಎಂಟಕ್ಕೆ ಕಿಟಕಿ ಮುಚ್ಚಿ, ರಾತ್ರಿ ಪೂರ್ತಿ ತೆಗೆಯಿರಿ.

ಆಮೇಲೆ ಕೂಲರ್. ನಮ್ಮ ಬಯಲುಸೀಮೆಯ ಬೇಸಿಗೆ ಒಣ ಬೇಸಿಗೆ. ಒಣಗಾಳಿಯಲ್ಲಿ ನೀರು ಬೇಗ ಆವಿಯಾಗಿ ತಂಪು ಚೆನ್ನಾಗಿ ಬರುತ್ತದೆ. ಕಿಟಕಿಗೆ ಕೂರಿಸುವ ದೊಡ್ಡ ಕೂಲರ್ 200 ವ್ಯಾಟ್ ಆಸುಪಾಸಿನಲ್ಲಿ ನಡೆಯುತ್ತದೆ. ಎಂಟು ಗಂಟೆಗೆ ಒಂದೂವರೆ ಯೂನಿಟ್ ಚಿಲ್ಲರೆ, ತಿಂಗಳಿಗೆ 50 ಯೂನಿಟ್ ಒಳಗೆ. ಎದುರಿನ ಕಿಟಕಿ ತೆರೆದಿಡಬೇಕು, ಇಲ್ಲವಾದರೆ ಕೋಣೆ ಜಿಗುಟಾಗುತ್ತದೆ. ಮಂಗಳೂರು, ಕಾರವಾರ ಕಡೆಯ ಓದುಗರಿಗೆ ಈ ಮಾತು ಅನ್ವಯಿಸುವುದಿಲ್ಲ. ಅಲ್ಲಿ ಗಾಳಿಯಲ್ಲೇ ತೇವ ತುಂಬಿರುವುದರಿಂದ ಕೂಲರ್ ಕೆಲಸ ಮಾಡುವುದಿಲ್ಲ. ನಮ್ಮಲ್ಲೂ ಕೂಲರಿಗೆ ನೀರು ಬೇಕು. ಮೇ ತಿಂಗಳಲ್ಲಿ ನಲ್ಲಿ ನೀರು ವಾರಕ್ಕೊಮ್ಮೆ ಬರುವ ಊರಿನಲ್ಲಿ ಅದೂ ಸುಲಭವಲ್ಲ ಎಂಬುದನ್ನು ಬಲ್ಲೆವು.

ಇಲ್ಲಿ ನಮ್ಮ ಕೊನೆಯ ಮಾತು ಸರ್ಕಾರಕ್ಕೆ ಮತ್ತು ಪಂಚಾಯಿತಿಗಳಿಗೆ. ಏಪ್ರಿಲ್, ಮೇನಲ್ಲಿ ಕಲಬುರಗಿ ವಿಭಾಗ, ವಿಜಯಪುರ, ಬಾಗಲಕೋಟೆಗಳಲ್ಲಿ ಸರ್ಕಾರಿ ಕಚೇರಿಯ ಸಮಯ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಾಗುತ್ತದೆ. ಬಿಸಿಲು ಸಹಿಸಲಾಗದ್ದು ಎಂದು ಸರ್ಕಾರವೇ ಒಪ್ಪಿಕೊಂಡಂತೆ. ಕಚೇರಿಯವರಿಗೆ ಸಿಕ್ಕ ಆ ಕಾಳಜಿ ತಗಡಿನ ಮನೆಯ ಮುದುಕಿಗೆ ಏನು ಕೊಟ್ಟಿದೆ? ಪಕ್ಕದ ತೆಲಂಗಾಣ 2023ರಲ್ಲೇ ಕೂಲ್ ರೂಫ್ ನೀತಿ ತಂದಿತು. ಗಡಿಯ ಈಚೆಗಿರುವ ರಾಯಚೂರು, ಯಾದಗಿರಿಯ ಬಿಸಿಲು ಬೇರೆಯೇನಲ್ಲ.

ಪಂಚಾಯಿತಿಯವರು ಸಮುದಾಯ ಭವನಕ್ಕೋ ಅರಿವು ಕೇಂದ್ರಕ್ಕೋ ಒಂದು ಪೋರ್ಟಬಲ್ ಎಸಿ ತಂದು ಫೋಟೊ ತೆಗೆಸಿಕೊಂಡರೆ ಕೆಲಸ ಆಗುವುದಿಲ್ಲ. 40 ಜನ ಕೂತರೆ ಅವರ ಮೈಶಾಖವೇ 4,000 ವ್ಯಾಟ್, ಒಂದು ಟನ್ನಿಗಿಂತ ಹೆಚ್ಚು. ಅದೇ ಹಣದಲ್ಲಿ ಕಟ್ಟಡದ ಮಾಳಿಗೆಗೆ ಬಿಳಿ ಬಣ್ಣ, ಎರಡು ದೊಡ್ಡ ಕೂಲರ್, ನೀರಿನ ಟ್ಯಾಂಕ್, ಕುಡಿಯುವ ನೀರು ಇಟ್ಟು ಮಧ್ಯಾಹ್ನ 12ರಿಂದ 4ರವರೆಗೆ ಬಾಗಿಲು ತೆರೆದಿಟ್ಟರೆ, ಕೂಲಿ ಮುಗಿಸಿ ಬಂದವರು, ವಯಸ್ಸಾದವರು, ಪರೀಕ್ಷೆಗೆ ಓದುವ ಮಕ್ಕಳು ಅಲ್ಲಿ ಕೂರಬಹುದು. ಊರಿಗೆ ಇಂಥದ್ದೊಂದು ಕೋಣೆ ಇದ್ದರೆ ಎಷ್ಟೋ ಮನೆಗಳು ಸಾಲದ ಎಸಿ ತರಬೇಕಿಲ್ಲ.

ಮುಂದಿನ ಗ್ರಾಮಸಭೆಯಲ್ಲಿ ಇದನ್ನು ಕೇಳಿ, ಬೇಸಿಗೆ ಬಂದ ಮೇಲಲ್ಲ, ಬರುವ ಮುಂಚೆ. ಮನೆಗೆ ಎಸಿ ತರುವ ಯೋಚನೆ ಇದ್ದವರು ಜಾಹೀರಾತು ಒತ್ತುವ ಮೊದಲು ಟೇಪ್ ಹಿಡಿದು ಕೋಣೆ ಅಳೆಯಿರಿ, ಕಳೆದ ತಿಂಗಳ ಕರೆಂಟ್ ಬಿಲ್ ತೆಗೆದು ಯೂನಿಟ್ ನೋಡಿ, ಮಾಳಿಗೆ ಹತ್ತಿ ಅದಕ್ಕೆ ಸುಣ್ಣ ಬಿದ್ದು ಎಷ್ಟು ವರ್ಷವಾಯಿತು ಎಂದು ಲೆಕ್ಕ ಹಾಕಿ. ಆಮೇಲೆ ಅಂಗಡಿಗೆ ಹೋಗಿ.