ಮೊದಲು ಪರದೆ, ಆಮೇಲೆ ಪೆಟ್ಟಿಗೆ

ಮದುವೆಯ ಲಗ್ನಗಳು ಸಾಲುಗಟ್ಟಿ ಬರುವ ಕಾಲ ಸಮೀಪಿಸಿತೆಂದರೆ ಬೆಂಗಳೂರಿನ ಸಾದರ್ ಪತ್ರಪ್ಪ ರಸ್ತೆಯ ಕಂಪ್ಯೂಟರ್ ಅಂಗಡಿಗಳಲ್ಲಿ ಒಂದು ವರ್ಗದ ಗಿರಾಕಿಗಳು ವಿಶೇಷವಾಗಿ ಕಾಣಿಸಿಕೊಳ್ಳುತ್ತಾರೆ. ತುಮಕೂರು, ಮಂಡ್ಯ, ಹಾಸನ, ಚಿತ್ರದುರ್ಗಗಳ ಚಿಕ್ಕ ಸ್ಟುಡಿಯೋಗಳ ಒಡೆಯರು, ಸ್ಟುಡಿಯೋ ಇಲ್ಲದಿದ್ದರೂ ಒಂದು ಕ್ಯಾಮೆರಾದ ಬಲದಿಂದಲೇ ಜೀವನೋಪಾಯವನ್ನು ಕಂಡುಕೊಂಡ ತರುಣರು, ವಾರವೆಲ್ಲ ಪಾಠ ಹೇಳಿ ಭಾನುವಾರ ಕೆರೆಯಂಗಳದಲ್ಲಿ ಹಕ್ಕಿಗಳ ಬೆನ್ನು ಹತ್ತುವ ಉಪಾಧ್ಯಾಯರು, ಇವರೆಲ್ಲರ ಜೇಬಿನಲ್ಲಿ ಬಹುಮಟ್ಟಿಗೆ ಐವತ್ತು ಅರವತ್ತು ಸಾವಿರ ರೂಪಾಯಿಗಳ ಮಿತಿ, ಬಾಯಲ್ಲಿ ಒಂದೇ ಪ್ರಶ್ನೆ: ಫೋಟೋ ಎಡಿಟಿಂಗಿಗೆ ಯಾವ ಕಂಪ್ಯೂಟರ್ ಕೊಳ್ಳಬೇಕು? ಅಂಗಡಿಯವನ ಉತ್ತರವೂ ಸಾಮಾನ್ಯವಾಗಿ ಒಂದೇ. ಆತನು ಪ್ರೊಸೆಸರಿನಿಂದ ತೊಡಗಿ, ಗ್ರಾಫಿಕ್ಸ್ ಕಾರ್ಡಿನ ಗುಣಗಾನಕ್ಕೆ ಏರಿ, ಬಣ್ಣದ ದೀಪಗಳು ಮಿನುಗುವ ಗಾಜಿನ ಕ್ಯಾಬಿನೆಟ್ಟನ್ನು ಮುಂದಿಟ್ಟು, ಗಿರಾಕಿಯ ಹಣವೆಲ್ಲ ಆ ಪೆಟ್ಟಿಗೆಯೊಳಗೆ ಅಡಗಿದ ಮೇಲೆ, “ಮಾನಿಟರ್ ಯಾವುದಾದರೂ ನಡೆಯುತ್ತೆ ಬಿಡಿ ಸಾರ್” ಎಂದು ಮುಗಿಸುತ್ತಾನೆ. ಈ ಕ್ರಮವು ಸಂಪೂರ್ಣವಾಗಿ ತಲೆಕೆಳಗಾದದ್ದೆಂದೂ, ಮಿತವ್ಯಯದ ಗಿರಾಕಿಯು ಮಾನಿಟರಿನಿಂದ ಆರಂಭಿಸಿ ಪ್ರೊಸೆಸರಿನಲ್ಲಿ ಕೊನೆಗಾಣಬೇಕೆಂದೂ ಪ್ರತಿಪಾದಿಸುವುದಕ್ಕಾಗಿ ಈ ಲೇಖನ.

ಚಿತ್ರಸಂಸ್ಕರಣವೆಂಬುದು ಮೂಲತಃ ಕಣ್ಣಿನ ವ್ಯವಹಾರ. ಮುಖದ ಮೇಲಿನ ನೆರಳನ್ನು ಎಷ್ಟು ತಿಳಿಮಾಡಬೇಕು, ಅರಿಶಿನ ಶಾಸ್ತ್ರದ ಹಳದಿಯ ನಡುವೆ ಮೈಬಣ್ಣವನ್ನು ಎಲ್ಲಿ ನಿಲ್ಲಿಸಬೇಕು, ಮುಹೂರ್ತದ ಸೀರೆಯ ಕೆಂಪು ಕಿತ್ತಳೆಯತ್ತ ಸರಿಯದಂತೆ ಹೇಗೆ ಕಾಯಬೇಕು ಎಂಬ ನೂರಾರು ಸೂಕ್ಷ್ಮ ನಿರ್ಣಯಗಳನ್ನು ಮಾಡತಕ್ಕವನು ಮನುಷ್ಯನೇ ಹೊರತು ಯಂತ್ರವಲ್ಲ; ಆ ನಿರ್ಣಯಗಳಿಗೆಲ್ಲ ಆತನಿಗಿರುವ ಏಕಮಾತ್ರ ಸಾಕ್ಷಿಯೆಂದರೆ ಎದುರಿಗಿರುವ ಪರದೆ. ಸಾಕ್ಷಿಯೇ ಸುಳ್ಳಾಡಿದರೆ ನ್ಯಾಯಾಧೀಶನ ಚಾತುರ್ಯದಿಂದ ಪ್ರಯೋಜನವೇನು? ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್ ಮೊದಲಾದವರು ಕರ್ನಾಟಕದ ಛಾಯಾಗ್ರಹಣಕ್ಕೆ ಕೀರ್ತಿ ತಂದ ಆ ಫಿಲ್ಮಿನ ಕಾಲದಲ್ಲಿ, ಎನ್‌ಲಾರ್ಜರಿನ ಕಂಬ ತುಕ್ಕು ಹಿಡಿದಿದ್ದರೂ ಅದರ ಲೆನ್ಸು ಮಾತ್ರ ನಿರ್ದುಷ್ಟವಾಗಿರಬೇಕೆಂಬುದು ಡಾರ್ಕ್‌ರೂಮಿನಲ್ಲಿ ಕೆಲಸ ಮಾಡುತ್ತಿದ್ದವರಿಗೆ ಯಾರೂ ಹೇಳಿಕೊಡಬೇಕಾದ ಸಂಗತಿಯಾಗಿರಲಿಲ್ಲ. ಆ ವಿವೇಕ ಈಗಿನ ಖರೀದಿಯಲ್ಲಿ ಕಾಣುತ್ತಿಲ್ಲ.

ಮಾನಿಟರಿನಲ್ಲಿ ನೋಡತಕ್ಕದ್ದು ಅಳತೆಯನ್ನೂ ಅಲ್ಲ, ಆಟದವರಿಗೆ ಬೇಕಾದ 144 ಹರ್ಟ್ಸ್, 165 ಹರ್ಟ್ಸ್‌ಗಳ ವೇಗವನ್ನೂ ಅಲ್ಲ. ಮೊದಲನೆಯದಾಗಿ ಅದು ಐಪಿಎಸ್ ಪ್ಯಾನೆಲ್ ಆಗಿರಬೇಕು. ಟಿಎನ್ ಎಂಬ ಹಳೆಯ ಜಾತಿಯ ಪ್ಯಾನೆಲ್ಲಿನಲ್ಲಿ ನೋಡುವವನ ತಲೆ ನಾಲ್ಕು ಬೆರಳು ಮೇಲೆ ಕೆಳಗೆ ಆದರೂ ಬಣ್ಣವೂ ಬೆಳಕೂ ಬದಲಾಗುವುದರಿಂದ, ಬೆಳಗ್ಗೆ ನೆಟ್ಟಗೆ ಕುಳಿತು ತಿದ್ದಿದ ಚಿತ್ರವನ್ನು ಸಂಜೆ ದಣಿದು ಒರಗಿಕೊಂಡು ನೋಡಿದಾಗ ಮತ್ತೆ ತಿದ್ದಬೇಕೆನ್ನಿಸುತ್ತದೆ. ಎರಡನೆಯದಾಗಿ, ಎಸ್‌ಆರ್‌ಜಿಬಿ ಎಂಬ ವರ್ಣವ್ಯಾಪ್ತಿಯನ್ನು ಅದು ಶೇಕಡಾ 99ರಷ್ಟಾದರೂ ತೋರಿಸಬೇಕು. 1996ರಲ್ಲಿ ಎಚ್‌ಪಿ ಮತ್ತು ಮೈಕ್ರೋಸಾಫ್ಟ್ ಸಂಸ್ಥೆಗಳು ಕೂಡಿ ಮುಂದಿಟ್ಟ ಈ ಮಾನದಂಡವೇ ಇಂದಿಗೂ ಮೊಬೈಲುಗಳಿಗೂ ಬಹುತೇಕ ಆಲ್ಬಮ್ ಲ್ಯಾಬ್‌ಗಳಿಗೂ ವ್ಯವಹಾರದ ನಾಣ್ಯ. ಅಗ್ಗದ ಲ್ಯಾಪ್‌ಟಾಪುಗಳ ವಿವರಪಟ್ಟಿಯ ಮೂಲೆಯಲ್ಲಿ “45% ಎನ್‌ಟಿಎಸ್‌ಸಿ” ಎಂದು ಮುದ್ರಿತವಾಗಿರುವುದನ್ನು ಕೊಳ್ಳುವವರು ಗಮನಿಸುವುದೇ ಇಲ್ಲ. ಅದರ ಅರ್ಥ ಎಸ್‌ಆರ್‌ಜಿಬಿಯ ಸುಮಾರು ಮೂರರಲ್ಲಿ ಎರಡು ಪಾಲು ಮಾತ್ರ ಆ ಪರದೆಯಲ್ಲಿ ಕಾಣುತ್ತದೆ ಎಂದು. ಅಂಥ ಪರದೆಯ ಮುಂದೆ ಕುಳಿತವನು, ಕೆಂಪು ಮಂಕಾಗಿದೆಯೆಂದು ಭ್ರಮಿಸಿ ಸ್ಯಾಚುರೇಶನ್ ಏರಿಸುತ್ತ ಹೋಗಿ, ಲ್ಯಾಬಿನಿಂದ ಆಲ್ಬಮ್ ಬಂದ ದಿನ ಮದುಮಗಳ ಕೆನ್ನೆ ಬೆಂದ ಟೊಮೇಟೋದ ಬಣ್ಣಕ್ಕೆ ತಿರುಗಿರುವುದನ್ನು ಕಂಡು ಲ್ಯಾಬಿನವರೊಡನೆ ಜಗಳಕ್ಕೆ ನಿಲ್ಲುತ್ತಾನೆ.

ವಿವರಪಟ್ಟಿಯ ಮೇಲಷ್ಟೇ ಭರವಸೆಯಿಡಬೇಕಾಗಿಯೂ ಇಲ್ಲ. ಅಂಗಡಿಗೆ ಹೋಗುವಾಗ ನಿಮ್ಮದೇ ಒಂದು ಮದುವೆಯ ಚಿತ್ರವನ್ನು ಪೆನ್‌ಡ್ರೈವಿನಲ್ಲಿಯೂ, ಅದೇ ಚಿತ್ರದ ಒಳ್ಳೆಯ ಪ್ರಿಂಟನ್ನು ಕೈಯಲ್ಲಿಯೂ ತೆಗೆದುಕೊಂಡು ಹೋಗಿರಿ. ವರನ ಬಿಳಿಯ ರೇಷ್ಮೆ ಪಂಚೆಯ ಮಡಿಕೆಗಳು ಒಂದೊಂದಾಗಿ ಕಾಣುತ್ತವೆಯೋ, ಇಲ್ಲವೆ ಎಲ್ಲವೂ ಕಲೆತು ಸುಣ್ಣ ಬಳಿದ ಗೋಡೆಯಂತಾಗಿವೆಯೋ ನೋಡಿರಿ. ವಧುವಿನ ಜಡೆಯಲ್ಲಿ ಕೂದಲಿನ ಎಳೆಗಳಿವೆಯೋ, ಬರಿಯ ಕಪ್ಪಿದೆಯೋ ಪರೀಕ್ಷಿಸಿರಿ. ಕುರ್ಚಿಯಿಂದ ಎದ್ದು ನಿಂತು, ಎಡಕ್ಕೂ ಬಲಕ್ಕೂ ಸರಿದು, ಮತ್ತೆ ನೋಡಿರಿ. ಅಂಗಡಿಯಲ್ಲಿ ಮಾನಿಟರುಗಳನ್ನು ಆಕರ್ಷಕವಾಗಿ ಕಾಣಲೆಂದು ಅತಿಪ್ರಕಾಶದಲ್ಲಿ ಇಟ್ಟಿರುವುದುಂಟು. ಅದನ್ನು ತಗ್ಗಿಸಿಕೊಡಲು ಕೇಳುವುದಕ್ಕೆ ಸಂಕೋಚ ಬೇಡ. ಈ ಐದು ನಿಮಿಷದ ಪರೀಕ್ಷೆಯಲ್ಲಿ ತೇರ್ಗಡೆಯಾದ 24 ಇಂಚಿನ ಮಾನಿಟರಿಗೆ, 60,000 ರೂಪಾಯಿಗಳಲ್ಲಿ 15,000 ರೂಪಾಯಿಗಳನ್ನು ಮೊದಲೇ ಪ್ರತ್ಯೇಕಿಸಿಡಬೇಕೆಂದು ನಾನು ಹೇಳಿದರೆ ಅದು ಅತಿಯಾಯಿತೆಂದು ಕೆಲವರಿಗೆ ತೋರಬಹುದು. ಆದರೆ ಪೆಟ್ಟಿಗೆ ಐದಾರು ವರ್ಷಗಳಲ್ಲಿ ಹಳತಾಗುತ್ತದೆ; ಒಳ್ಳೆಯ ಮಾನಿಟರ್ ಎರಡು ಪೆಟ್ಟಿಗೆಗಳ ಆಯುಷ್ಯವನ್ನು ಬಾಳುತ್ತದೆ.

ಪರದೆಯ ತರುವಾಯ ರ‍್ಯಾಮ್, ಅಂದರೆ ಯಂತ್ರದ ತಾತ್ಕಾಲಿಕ ಸ್ಮೃತಿ. ಇಲ್ಲಿ ಅಂದಾಜಿನ ಮಾತಿಗಿಂತ ಲೆಕ್ಕ ಮೇಲು. ನಮ್ಮಲ್ಲಿ ಬಹಳವಾಗಿ ನಡೆಯುವ 12×36 ಇಂಚಿನ ಆಲ್ಬಮಿನ ಒಂದು ಹಾಳೆಯನ್ನು ಇಂಚಿಗೆ 300 ಬಿಂದುಗಳ ಸಾಂದ್ರತೆಯಲ್ಲಿ ವಿನ್ಯಾಸಗೊಳಿಸಿದರೆ ಅದರಲ್ಲಿ 3 ಕೋಟಿ 88 ಲಕ್ಷ ಬಿಂದುಗಳಿರುತ್ತವೆ. ಪ್ರತಿ ಬಿಂದುವಿಗೆ ಮೂರು ಬಣ್ಣ, ಬಣ್ಣಕ್ಕೆ ಒಂದು ಬೈಟ್ ಎಂದು ಹಿಡಿದರೂ ಹಾಳೆಯನ್ನು ತುಂಬುವ ಒಂದೊಂದು ಲೇಯರಿಗೆ ಸುಮಾರು 116 ಎಂಬಿ. ಹಿನ್ನೆಲೆ, ಹೂಬಳ್ಳಿ, ಐದಾರು ಚಿತ್ರಗಳು, ಅವುಗಳ ನೆರಳು, ಹೆಸರಿನ ಅಕ್ಷರಗಳು ಎಂದು ಹತ್ತು ಹದಿನೈದು ಲೇಯರುಗಳು ಸೇರಿ, ಹಿಂದಕ್ಕೆ ಹೋಗುವ ಅನುಕೂಲಕ್ಕಾಗಿ ಫೋಟೋಶಾಪ್ ನೆನಪಿಟ್ಟುಕೊಳ್ಳುವ ಹಿಂದಿನ ಅವಸ್ಥೆಗಳೂ ಕೂಡಿಕೊಂಡರೆ, 8 ಜಿಬಿಯ ಯಂತ್ರ ಏದುಸಿರು ಬಿಡುವುದರಲ್ಲಿ ಆಶ್ಚರ್ಯವಿಲ್ಲ. ವಿಂಡೋಸ್ ಮತ್ತು ಬ್ರೌಸರ್ ಕೂಡ ಆ 8 ಜಿಬಿಯಲ್ಲಿಯೇ ತಮ್ಮ ಪಾಲನ್ನು ಕೇಳುತ್ತವಷ್ಟೆ. ಆದಕಾರಣ 16 ಜಿಬಿ ಕನಿಷ್ಠವೆಂದೂ, ಮುಂದೆ 32 ಮಾಡಿಕೊಳ್ಳಲು ಮದರ್‌ಬೋರ್ಡಿನಲ್ಲಿ ಒಂದು ಸ್ಲಾಟಾದರೂ ಖಾಲಿ ಇರಬೇಕೆಂದೂ ತಿಳಿಯತಕ್ಕದ್ದು. ರ‍್ಯಾಮಿನ ಬೆಲೆಯ ವಿಷಯದಲ್ಲಿ ಮಾತ್ರ ಹಳೆಯ ಲೆಕ್ಕವನ್ನು ನೆಚ್ಚಿ ಹೊರಡಬೇಡಿ. ಕೃತಕ ಬುದ್ಧಿಮತ್ತೆಯ ದೊಡ್ಡ ದತ್ತಾಂಶ ಕೇಂದ್ರಗಳು ಸ್ಮೃತಿಯ ಚಿಪ್‌ಗಳನ್ನು ಸಗಟಾಗಿ ನುಂಗತೊಡಗಿದ ಮೇಲೆ ಬೆಲೆ ಏರಿತು. ಇಂಥ ಚಿಪ್‌ಗಳನ್ನು ತಯಾರಿಸುವ ಮೈಕ್ರಾನ್ ಸಂಸ್ಥೆ 2025ರ ಡಿಸೆಂಬರಿನಲ್ಲಿ, ಸಾಮಾನ್ಯ ಗಿರಾಕಿಗಳಿಗೆ ಚಿರಪರಿಚಿತವಾಗಿದ್ದ ತನ್ನ ಕ್ರೂಶಿಯಲ್ ವ್ಯಾಪಾರವನ್ನೇ ನಿಲ್ಲಿಸುವುದಾಗಿ ಪ್ರಕಟಿಸಿತು. ಎಲ್ಲೋ ಇರುವ ಸರ್ವರ್‌ಗಳ ಹಸಿವಿನ ಬಿಸಿ ಹಾಸನದ ಸ್ಟುಡಿಯೋಕ್ಕೂ ತಟ್ಟುವ ಕಾಲವಿದು.

ಪ್ರೊಸೆಸರಿನ ವಿಷಯವನ್ನು ಸಂಕ್ಷೇಪವಾಗಿಯೇ ಹೇಳಬಹುದು. ಈಚಿನ ನಾಲ್ಕೈದು ವರ್ಷಗಳ ಆರು ಕೋರಿನ ರೈಜನ್ 5 ಅಥವಾ ಕೋರ್ ಐ5 ಸಾಕು. ಅದಕ್ಕಿಂತ ಮೇಲಿನದಕ್ಕೆ ತೆರುವ ಹೆಚ್ಚುವರಿ ಹಣ ನೂರಾರು ಚಿತ್ರಗಳನ್ನು ಒಟ್ಟಿಗೆ ಎಕ್ಸ್‌ಪೋರ್ಟ್ ಮಾಡುವಾಗ ಕೆಲವು ನಿಮಿಷಗಳನ್ನು ಉಳಿಸೀತೇ ಹೊರತು ಚಿತ್ರದ ಗುಣವನ್ನು ಕೂದಲೆಳೆಯಷ್ಟೂ ಹೆಚ್ಚಿಸದು. ಎಕ್ಸ್‌ಪೋರ್ಟಿಗೆ ಹಾಕಿ ಊಟಕ್ಕೆ ಏಳುವ ಪದ್ಧತಿಯನ್ನು ರೂಢಿಸಿಕೊಂಡವನಿಗೆ ಆ ನಿಮಿಷಗಳ ಕೊರತೆ ಭಾಸವಾಗುವುದೂ ಇಲ್ಲ. ಗ್ರಾಫಿಕ್ಸ್ ಕಾರ್ಡಿನ ಬಗೆಗೆ ಒಂದು ಅಪವಾದವನ್ನು ಒಪ್ಪಬೇಕು. ಬಣ್ಣ, ಬೆಳಕು, ಕತ್ತರಿಸುವಿಕೆ, ಮುಖದ ಕಲೆ ತೆಗೆಯುವುದು ಮುಂತಾದ ನಿತ್ಯದ ಕೆಲಸಗಳಿಗೆ ಪ್ರೊಸೆಸರಿನೊಳಗೆ ಅಡಕವಾದ ಗ್ರಾಫಿಕ್ಸೇ ಸಾಲುತ್ತದೆಯಾದರೂ, 2023ರ ಏಪ್ರಿಲಿನಲ್ಲಿ ಲೈಟ್‌ರೂಮಿಗೆ ಸೇರಿದ ಎಐ ಡಿನಾಯ್ಸ್‌ನಂಥ ಸಾಧನಗಳು ಬಹುಮಟ್ಟಿಗೆ ಗ್ರಾಫಿಕ್ಸ್ ಕಾರ್ಡನ್ನೇ ಆಶ್ರಯಿಸಿವೆ. ಕಾರ್ಡು ಇದ್ದಲ್ಲಿ ಸೆಕೆಂಡುಗಳಲ್ಲಿ ಮುಗಿಯುವ ಕಾರ್ಯ ಇಲ್ಲದಲ್ಲಿ ಒಂದೊಂದು ಚಿತ್ರಕ್ಕೂ ನಿಮಿಷಗಟ್ಟಲೆ ಎಳೆಯುತ್ತದೆ. ಮಬ್ಬು ಬೆಳಕಿನ ಕಲ್ಯಾಣಮಂಟಪದಲ್ಲಿಯೋ ಮುಂಜಾವಿನ ಕಾಡಂಚಿನಲ್ಲಿಯೋ ಹೆಚ್ಚಿನ ಐಎಸ್‌ಒದಲ್ಲಿ ತೆಗೆದ ಚಿತ್ರಗಳೇ ಅಧಿಕವಾಗಿರುವವರು ಈ ಮಾತನ್ನು ಲಕ್ಷಿಸಬೇಕು. ಹಾಗಿದ್ದರೂ ಮೊದಲ ದಿನವೇ ಕಾರ್ಡು ಕೊಳ್ಳಬೇಕಾದ ಅಗತ್ಯವಿಲ್ಲ. ಅದರ ವಿದ್ಯುತ್ ಬೇಡಿಕೆಯನ್ನು ತಾಳತಕ್ಕ ಎಸ್‌ಎಂಪಿಎಸ್ ಹಾಕಿಸಿಕೊಂಡಿದ್ದರೆ ಒಂದು ಹಂಗಾಮಿನ ಸಂಪಾದನೆಯ ಬಳಿಕ ಸೇರಿಸಿಕೊಳ್ಳಬಹುದು. ಡೆಸ್ಕ್‌ಟಾಪಿನ ಪಕ್ಷವನ್ನು ನಾನು ವಹಿಸುವುದಕ್ಕೆ ಇದೇ ಮುಖ್ಯ ಕಾರಣ. ಲ್ಯಾಪ್‌ಟಾಪು ಕೊಂಡ ದಿನ ಹೇಗಿತ್ತೋ ಬಹುಮಟ್ಟಿಗೆ ಕೊನೆಯ ತನಕ ಹಾಗೆಯೇ ಇರುತ್ತದೆ, ಅಷ್ಟೇ ಹಣಕ್ಕೆ ಕೀಳಾದ ಪರದೆಯನ್ನೂ ಕೊಡುತ್ತದೆ. ಊರೂರು ಸುತ್ತುವ ಕಾರಣ ಲ್ಯಾಪ್‌ಟಾಪು ಅನಿವಾರ್ಯವಾದವರು ಮನೆಯಲ್ಲೊಂದು ಮಾನಿಟರನ್ನು ಇಟ್ಟುಕೊಂಡು, ಬಣ್ಣದ ಅಂತಿಮ ತೀರ್ಮಾನವನ್ನು ಅದರ ಮುಂದೆ ಮಾಡುವುದು ಲೇಸು.

ಆಪಲ್ ಸಂಸ್ಥೆಯ ಮ್ಯಾಕ್ ಮಿನಿಯ ಪ್ರಸ್ತಾಪವಿಲ್ಲದೆ ಈ ಚರ್ಚೆ ಈಗ ನಡೆಯುವುದಿಲ್ಲ. 2024ರ ಕೊನೆಯಲ್ಲಿ ಎಂ4 ಚಿಪ್ ಮತ್ತು 16 ಜಿಬಿ ಸ್ಮೃತಿಯೊಡನೆ ಅದು ನಮ್ಮ ದೇಶದಲ್ಲಿ 59,900 ರೂಪಾಯಿಗಳಿಗೆ ಬಂದಾಗ, ಆ ಬೆಲೆಗೆ ಅಷ್ಟು ಸಮರ್ಥವಾದ ಯಂತ್ರ ದುರ್ಲಭವೆಂದು ಪರಿಣತರು ಹೊಗಳಿದ್ದು ನ್ಯಾಯವೇ. ಆದರೆ ಆ ಹಣದಲ್ಲಿ ಮಾನಿಟರೂ ಇಲ್ಲ, ಕೀಬೋರ್ಡೂ ಇಲ್ಲ, ಮೌಸೂ ಇಲ್ಲ. ಸಂಗ್ರಹ 256 ಜಿಬಿ ಮಾತ್ರ. ಸ್ಮೃತಿಯನ್ನು ಮುಂದೆ ಹೆಚ್ಚಿಸುವಂತೆಯೂ ಇಲ್ಲ. ಮೊದಲೇ ಒಳ್ಳೆಯ ಮಾನಿಟರ್ ಇರುವವರಿಗೆ ಅದು ಉತ್ತಮ ಆಯ್ಕೆ, ಇಲ್ಲದವರಿಗೆ ಅಲ್ಲ. ಇನ್ನು ಕಂಪನಿಗಳು ಬಳಸಿ ಬಿಟ್ಟ ರಿಫರ್ಬಿಷ್ಡ್ ಡೆಸ್ಕ್‌ಟಾಪುಗಳನ್ನು ಹೀಗಳೆಯುವವರ ಪಂಗಡಕ್ಕೆ ನಾನು ಸೇರಿದವನಲ್ಲ. ಅವು ಗಟ್ಟಿಮುಟ್ಟಾದ ಯಂತ್ರಗಳು. ಅಲ್ಲಿ ಉಳಿದ ಹಣ ಮಾನಿಟರಿಗೆ ಒದಗುತ್ತದೆ. ಆದರೆ ಕೊಳ್ಳುವಾಗ ಒಂದು ಎಚ್ಚರ ಬೇಕು: ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ರಂದು ಸಾಮಾನ್ಯ ಬೆಂಬಲವನ್ನು ನಿಲ್ಲಿಸಿದೆ. ವಿಂಡೋಸ್ 11 ಇಂಟೆಲ್‌ನ ಎಂಟನೆಯ ತಲೆಮಾರಿಗಿಂತ ಹಿಂದಿನ ಸಾಮಾನ್ಯ ಪ್ರೊಸೆಸರುಗಳನ್ನು ಅಧಿಕೃತವಾಗಿ ಒಪ್ಪುವುದಿಲ್ಲ. ಆದುದರಿಂದ “ಐ7 ಇದೆ ಸಾರ್” ಎಂಬ ಮಾತಿಗೆ ಮಾರುಹೋಗದೆ, ಯಾವ ತಲೆಮಾರಿನ ಐ7 ಎಂದು ಕೇಳತಕ್ಕದ್ದು. ಪುಸ್ತಕದಂತೆ ತೆಳ್ಳಗಿನ ಪೆಟ್ಟಿಗೆಗಳಲ್ಲಿ ಸಾಮಾನ್ಯ ಅಳತೆಯ ಗ್ರಾಫಿಕ್ಸ್ ಕಾರ್ಡು ಹಿಡಿಸುವುದಿಲ್ಲವೆಂಬುದೂ ನೆನಪಿರಲಿ.

ಇನ್ನು ಸಂಗ್ರಹದ ಲೆಕ್ಕ. ಒಂದು ಮದುವೆಯಲ್ಲಿ ಮೂರು ಸಾವಿರ ರಾ ಫೈಲುಗಳು, ಒಂದೊಂದು 30 ಎಂಬಿ ಎಂದರೆ 90 ಜಿಬಿ. ಅವುಗಳನ್ನು ಹಳೆಯ ಹಾರ್ಡ್‌ಡಿಸ್ಕಿನಿಂದ ತೆರೆದು ತಿದ್ದುವುದು ತಾಳ್ಮೆಯ ಪರೀಕ್ಷೆ. ಹಾರ್ಡ್‌ಡಿಸ್ಕು ಸೆಕೆಂಡಿಗೆ ಸುಮಾರು 150 ಎಂಬಿ ಓದಿದರೆ, ಎನ್‌ವಿಎಂಇ ಎಸ್‌ಎಸ್‌ಡಿ ಅದರ ಹತ್ತಿಪ್ಪತ್ತು ಪಟ್ಟು ವೇಗವಾಗಿ ಓದುತ್ತದೆ. ನಡೆಯುತ್ತಿರುವ ಕೆಲಸ ಎಸ್‌ಎಸ್‌ಡಿಯಲ್ಲಿರಲಿ. ಮುಗಿದ ಕೆಲಸ ಹಾರ್ಡ್‌ಡಿಸ್ಕಿಗೆ ಹೋಗಲಿ. ಕೆಲಸ ಕಳೆದುಹೋಗದಂತೆ ಮೂರು ಪ್ರತಿಗಳು, ಎರಡು ಬಗೆಯ ಮಾಧ್ಯಮಗಳು, ಒಂದು ಪ್ರತಿ ಬೇರೆ ಸ್ಥಳದಲ್ಲಿ ಎಂಬ ನಿಯಮವನ್ನು ಪ್ರಚಾರಕ್ಕೆ ತಂದ ಪೀಟರ್ ಕ್ರೋಗ್ ಸ್ವತಃ ಛಾಯಾಗ್ರಾಹಕ. ಎರಡು ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕುಗಳ ಬೆಲೆಯನ್ನೂ ಒಂದು ಯುಪಿಎಸ್‌ನ ಬೆಲೆಯನ್ನೂ ಕಂಪ್ಯೂಟರಿನ ಬೆಲೆಯೊಳಗೇ ಲೆಕ್ಕ ಹಿಡಿಯದೆ, ಆಮೇಲೆ ನೋಡೋಣವೆಂದು ಮುಂದೂಡುವುದು ನಮ್ಮ ಸ್ಟುಡಿಯೋಗಳ ಸಾಮಾನ್ಯ ವ್ಯಾಧಿ. ಹಾರ್ಡ್‌ಡಿಸ್ಕು ಕೆಟ್ಟಿತೆಂದು ಹೇಳಿದರೆ ಮತ್ತೊಮ್ಮೆ ತಾಳಿ ಕಟ್ಟಿಸಲು ಯಾವ ಬೀಗರೂ ಒಪ್ಪಲಾರರು.

“ಎಲ್ಲಾ ಸಾಫ್ಟ್‌ವೇರ್ ನಾವೇ ಹಾಕಿಕೊಡ್ತೀವಿ” ಎಂಬ ಉದಾರ ವಾಕ್ಯದ ವಿಷಯದಲ್ಲಿಯೂ ಎಚ್ಚರ ಅವಶ್ಯ. ಅಡೋಬಿ ಸಂಸ್ಥೆ 2013ರಲ್ಲಿ ಚಂದಾ ಪದ್ಧತಿಗೆ ತಿರುಗಿದ ಮೇಲೂ ಕ್ರ್ಯಾಕ್ ಮಾಡಿದ ಫೋಟೋಶಾಪ್ ಹಾಕಿಕೊಡುವುದು ಅಂಗಡಿಗಳಲ್ಲಿ ಬಹಿರಂಗ ರಹಸ್ಯವಾಗಿದೆ. ಅದು ಅನ್ಯಾಯವೆಂಬ ಮಾತು ಒಂದು ಕಡೆಯಿರಲಿ. ಅಂಥ ಕ್ರ್ಯಾಕುಗಳ ಜೊತೆಯಲ್ಲಿ ಫೈಲುಗಳಿಗೆ ಬೀಗ ಜಡಿದು ಹಣ ಕೇಳುವ ವೈರಸ್ಸುಗಳೂ ಬರುವುದುಂಟು. ಪರ್ಯಾಯಗಳಿಲ್ಲದೆ ಇಲ್ಲ: ರಾ ಫೈಲುಗಳಿಗೆ ಡಾರ್ಕ್‌ಟೇಬಲ್, ಉಳಿದ ತಿದ್ದುಪಡಿಗೆ 1996ರಿಂದ ಬೆಳೆಯುತ್ತ ಬಂದು 2025ರ ಮಾರ್ಚಿನಲ್ಲಿ 3.0ನೆಯ ಆವೃತ್ತಿಯನ್ನು ಮುಟ್ಟಿದ ಜಿಂಪ್, ಎರಡೂ ಉಚಿತ. ಯೂನಿಕೋಡ್ ಅಕ್ಷರಗಳಲ್ಲಿ ಬರೆದ ಕನ್ನಡದ ಒತ್ತಕ್ಷರಗಳು ಜಿಂಪ್‌ನಲ್ಲಿ ಚದುರದೆ ನೆಟ್ಟಗೆ ಕೂಡುತ್ತವೆಂಬುದು ವಧೂವರರ ಹೆಸರನ್ನು ಮುದ್ರಿಸುವವರಿಗೆ ಸಣ್ಣ ಸಮಾಧಾನವಲ್ಲ. ಪಿಎಸ್‌ಡಿ ಟೆಂಪ್ಲೇಟುಗಳ ಮೇಲೆಯೇ ಆಲ್ಬಮ್ ನಡೆಸುವವರಿಗೆ ಮಾತ್ರ ಫೋಟೋಶಾಪಿಗೆ ಪರ್ಯಾಯ ಹೇಳುವುದು ಕಷ್ಟ. ಅವರು ತಿಂಗಳ ಚಂದಾವನ್ನು ವಿದ್ಯುತ್ತಿನ ಬಿಲ್ಲಿನ ಸಾಲಿಗೆ ಸೇರಿಸಿಕೊಳ್ಳಲಿ.

ಕೊನೆಗೆ ಮಾನಿಟರಿನ ಮಾತಿಗೇ ಸಂಬಂಧಿಸಿದ ಒಂದು ಸೂಚನೆಯುಂಟು. ಎಷ್ಟು ಒಳ್ಳೆಯ ಪರದೆಯಾದರೂ ಕಾಲಕ್ರಮದಲ್ಲಿ ಅದರ ಬಣ್ಣ ಸರಿದುಹೋಗುತ್ತದೆ. ಅದನ್ನು ಅಳೆದು ಸರಿಪಡಿಸಲು ಕ್ಯಾಲಿಬ್ರೇಟರ್ ಎಂಬ ಅಂಗೈಯಗಲದ ಉಪಕರಣ ಬೇಕು. ತಿಂಗಳಿಗೋ ಎರಡು ತಿಂಗಳಿಗೋ ಒಮ್ಮೆ ಬಳಸುವ ಈ ಸಾಧನವನ್ನು ಪ್ರತಿಯೊಬ್ಬನೂ ಕೊಳ್ಳುವುದು ದುಂದು. ಯಾರೊಬ್ಬರೂ ಕೊಳ್ಳದೆ ಇರುವುದು ಅವಿವೇಕ. ನಮ್ಮ ಜಿಲ್ಲೆ ತಾಲ್ಲೂಕುಗಳಲ್ಲಿ ಛಾಯಾಗ್ರಾಹಕರ ಸಂಘಗಳಿವೆ. ಆಗಸ್ಟ್ 19ರ ವಿಶ್ವ ಛಾಯಾಗ್ರಹಣ ದಿನದಂದು ಅವು ಮೆರವಣಿಗೆ, ಸನ್ಮಾನ, ಶಾಲು, ಹಾರಗಳಿಗೆ ಧಾರಾಳವಾಗಿಯೇ ವೆಚ್ಚ ಮಾಡುತ್ತವೆ. ಈ ವರ್ಷ ಹಾರಗಳ ಬಾಬತ್ತಿನಲ್ಲಿ ಸ್ವಲ್ಪ ಕಡಿತ ಮಾಡಿ, ಸಂಘಕ್ಕೊಂದು ಕ್ಯಾಲಿಬ್ರೇಟರ್ ಕೊಂಡು, ಸದಸ್ಯರು ಸರದಿಯಂತೆ ಒಯ್ದು ಬಳಸಿ ಹಿಂದಿರುಗಿಸುವ ಒಂದು ರಿಜಿಸ್ಟರನ್ನು ಕಾರ್ಯದರ್ಶಿಗಳು ತೆರೆಯಬೇಕೆಂದು ವಿನಂತಿಸುತ್ತೇನೆ.